ಆದೇಶಗಳ ಭಂಡಾರ

ಮಕ್ಕಳೇ, ಓಣಿಯಲ್ಲಿ ಒಬ್ಬರ ಮನೆಯಲ್ಲಿ ಶ್ಯಾವಿಗೆ ಮಣೆ ಇದ್ದರೆ ಸುತ್ತಲಿನ ಮನೆಯವರೂ ಅದನ್ನು ತಂದು ಶ್ಯಾವಿಗೆ ಮಾಡಿಕೊಳ್ಳುತ್ತಾರೆ. ಪ್ರತಿ ಮನೆಗೂ ಹೊಸ ಮಣೆ ಬೇಕಿಲ್ಲ. ಕಂಪ್ಯೂಟರಿನ ಕೆಲಸದಲ್ಲಿಯೂ ಇಂತಹ ಪದ್ಧತಿ ಇದೆ.

ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ನಾವು ಹಂತ ಹಂತವಾಗಿ ಬರೆದು ಕೊಡಬೇಕು. ಹೀಗೆ ಬರೆದ ಆದೇಶಗಳಿಗೆ 'ಪ್ರೋಗ್ರಾಮ್' ಎನ್ನುತ್ತಾರೆ. ಕೆಲವು ಆದೇಶಗಳು ಹಲವು ಪ್ರೋಗ್ರಾಮ್‌ಗಳಿಗೆ ಬೇಕಾಗುತ್ತವೆ. ಅವನ್ನು ಒಮ್ಮೆ ಬರೆದು, ಪರೀಕ್ಷಿಸಿ, ಹೆಸರು ಕೊಟ್ಟು ಒಂದೆಡೆ ಇಡುತ್ತಾರೆ. ಬೇಕಾದವರು ಅಲ್ಲಿಂದ ತೆಗೆದುಕೊಂಡು ಬಳಸುತ್ತಾರೆ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 1949ರಲ್ಲಿ 'ಎಡ್‌ಸ್ಯಾಕ್' ಎಂಬ ಕಂಪ್ಯೂಟರ್ ಕೆಲಸ ಆರಂಭಿಸಿತು. ಅಲ್ಲಿ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಅವರ ಗೆಳೆಯರು ಆದೇಶಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರಗಳಾಗಿ ಕೊರೆದು ಜೋಡಿಸಿಟ್ಟರು. ಪುಸ್ತಕಗಳಿಗೆ ಗ್ರಂಥಾಲಯವಿರುವಂತೆ ಇದು ಆದೇಶಗಳ ಗ್ರಂಥಾಲಯವಾಯಿತು.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಕನ್ನಡ ಕಲಿಯುವ ನೀವು ತೆಲುಗನ್ನೂ ಓದುತ್ತೀರಿ. ಎರಡು ಲಿಪಿಗಳೂ ಅಕ್ಕತಂಗಿಯರಂತೆ ಇವೆಯಲ್ಲವೇ? ಕಂಪ್ಯೂಟರಿನ 'ಯೂನಿಕೋಡ್' ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ತೆಲುಗಿನ 'ಅ' 3077, ಕನ್ನಡದ 'ಅ' 3205. ತೆಲುಗಿನ 'ಕ' 3093, ಕನ್ನಡದ 'ಕ' 3221. ಕಳೆದು ನೋಡಿರಿ. ಎರಡು ಸಲವೂ 128 ಬರುತ್ತದೆ! ಹೆಚ್ಚಿನ ಅಕ್ಷರಗಳಿಗೆ ಇದೇ ವ್ಯತ್ಯಾಸ. ಆದುದರಿಂದ '128 ಕೂಡಿಸು' ಎಂಬ ಒಂದು ಚಿಕ್ಕ ಆದೇಶದಿಂದ ತೆಲುಗು ಲಿಪಿಯ ಊರ ಹೆಸರನ್ನು ಕನ್ನಡ ಲಿಪಿಗೆ ತರಬಹುದು. ಬಸ್ಸಿನ ಫಲಕಕ್ಕೂ ಶಾಲೆಯ ಹಾಜರಿ ಪಟ್ಟಿಗೂ ಅದೇ ಆದೇಶ ಸಾಕು.

ಆದರೆ ಹಂಚಿಕೊಂಡ ಆದೇಶದಲ್ಲಿ ತಪ್ಪಿದ್ದರೆ ಎಲ್ಲರಿಗೂ ತೊಂದರೆ. 2018ರ ಫೆಬ್ರವರಿಯಲ್ಲಿ ಹೀಗೆಯೇ ಆಯಿತು. ತೆಲುಗಿನ 'ಜ್ಞಾ' ಅಕ್ಷರ ಒಂದು ವಿಶೇಷ ರೀತಿಯಲ್ಲಿ ಸೇರಿಬಂದಾಗ ಐಫೋನ್‌ಗಳಲ್ಲಿ ಹಲವು ಆ್ಯಪ್‌ಗಳು ತಟ್ಟನೆ ಮುಚ್ಚಿಹೋಗುತ್ತಿದ್ದವು. ಅಕ್ಷರದಲ್ಲಿ ದೋಷವಿರಲಿಲ್ಲ. ಅಕ್ಷರವನ್ನು ತೆರೆಯ ಮೇಲೆ ಮೂಡಿಸುವ ಆದೇಶಗಳಲ್ಲಿ ದೋಷವಿತ್ತು. ಆ ಆದೇಶಗಳನ್ನು ಈ ಆ್ಯಪ್‌ಗಳೆಲ್ಲವೂ ಹಂಚಿಕೊಂಡಿದ್ದವು. ಫೆಬ್ರವರಿ 19ರಂದು ಆ ಫೋನಿನ ಕಂಪನಿ ತಿದ್ದುಪಡಿ ನೀಡಿತು. ಒಂದು ಕಡೆ ತಿದ್ದಿದ್ದರಿಂದ ಎಲ್ಲ ಆ್ಯಪ್‌ಗಳೂ ಸರಿಹೋದವು. ಒಂದೊಂದನ್ನೂ ಬೇರೆಬೇರೆಯಾಗಿ ತಿದ್ದುವ ಶ್ರಮ ತಪ್ಪಿತು.

ಆದ್ದರಿಂದ ಭಂಡಾರಕ್ಕೆ ಕೆಲವು ನಿಯಮಗಳಿವೆ. ಪ್ರತಿ ಆದೇಶಕ್ಕೂ ತಿಳಿಯುವಂತಹ ಹೆಸರಿರಬೇಕು. ಅದು ಏನು ಮಾಡುತ್ತದೆ ಎಂದು ಬರೆದಿರಬೇಕು. ಬದಲಿಸಿದಾಗ ಹೊಸ ಸಂಖ್ಯೆ ಕೊಡಬೇಕು, ಹಳೆಯದನ್ನೂ ಉಳಿಸಬೇಕು. ಹಲವರು ಬಳಸುವ ವಸ್ತುವನ್ನು ಹೆಚ್ಚು ಜಾಗ್ರತೆಯಿಂದ ಮಾಡಬೇಕು.

ಪದಗಳ ಅರ್ಥ
ಆದೇಶ – ಅಪ್ಪಣೆ
ಭಂಡಾರ – ಸಂಗ್ರಹಿಸಿಡುವ ಜಾಗ
ದೋಷ – ತಪ್ಪು

ಅಭ್ಯಾಸ
1. ಪ್ರೋಗ್ರಾಮ್ ಎಂದರೇನು?
2. 2018ರಲ್ಲಿ ಒಂದು ಕಡೆ ತಿದ್ದಿದಾಗ ಎಲ್ಲ ಆ್ಯಪ್‌ಗಳೂ ಏಕೆ ಸರಿಹೋದವು?
3. ತೆಲುಗಿನ 'ಮ' ಅಕ್ಷರದ ಸಂಖ್ಯೆ 3118. ಕನ್ನಡದ 'ಮ' ಸಂಖ್ಯೆ ಎಷ್ಟು?
4. ನಿಮ್ಮ ಊರಿನಲ್ಲಿ ಹಲವು ಮನೆಯವರು ಹಂಚಿಕೊಂಡು ಬಳಸುವ ವಸ್ತುಗಳ ಪಟ್ಟಿ ಮಾಡಿರಿ.