ಸಂಕಲ್ಪಕ್ಕೊಂದು ಸತ್ಸಂಗ

ನಮ್ಮ ಓಣಿಯ ಗೃಹಸ್ಥರೊಬ್ಬರು ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದರು. ದುಡಿಮೆಗಾರರು, ದಾಸೋಹಕ್ಕೆ ಮುಂದಾಗುವವರು. ಆದರೆ ಕುಡಿತಕ್ಕೆ ಸಿಕ್ಕವರು. ಒಂದು ಶ್ರಾವಣದಲ್ಲಿ ನಾವೇ ಅವರನ್ನು ಗದ್ದುಗೆಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದೆವು. ಆಣೆ ಇಪ್ಪತ್ತು ದಿನ ನಿಂತಿತು. ಮುರಿದ ದಿನದಿಂದ ಅವರು ಮಠದತ್ತ ಸುಳಿಯಲಿಲ್ಲ. ಕುಡಿತ ಬಿಡಿಸಹೋಗಿ ಮಠವನ್ನೇ ಬಿಡಿಸಿದೆವಲ್ಲಾ ಎಂಬ ಕೊರಗು ನಮ್ಮನ್ನು ಬಹುಕಾಲ ಕಾಡಿತು.

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ಸದ್ಭಕ್ತರೆಲ್ಲ ಬಲ್ಲರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತದೆ. ಜೋಳಿಗೆಗೆ ಚಟವನ್ನು ಹಾಕುವುದು ಒಂದು ಗಳಿಗೆಯ ಧೈರ್ಯ. ಆದರೆ ಜೋಳಿಗೆ ಮುಂದಿನ ಮನೆಗೆ ಹೋದ ಮೇಲೆ ಸಂಜೆಯಾಗುತ್ತದೆ. ಆ ಸಂಜೆಯನ್ನು ದಾಟಿಸುವವರಾರು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಬಹುದೂರದಲ್ಲಿ, ಅಮೆರಿಕೆಯ ಓಹಾಯೋ ಪ್ರಾಂತದ ಆಕ್ರನ್ ಪಟ್ಟಣದಲ್ಲಿ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಎಂಬಾತ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರಕ್ಕೆಂದು ಬಂದು, ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದ. ಒಂದೆಡೆ ಮದ್ಯದಂಗಡಿಯ ಗದ್ದಲ, ಇನ್ನೊಂದೆಡೆ ದೂರವಾಣಿ. ತನ್ನಂತೆಯೇ ನರಳುವ ಇನ್ನೊಬ್ಬ ಕುಡುಕನೊಡನೆ ಮಾತಾಡದಿದ್ದರೆ ತಾನು ಉಳಿಯಲಾರೆನೆಂದು ಅವನಿಗೆ ಅನಿಸಿತು. ದೂರವಾಣಿಯಲ್ಲಿ ಪಾದ್ರಿಗಳನ್ನು ವಿಚಾರಿಸುತ್ತ ಹೋದ ಆತನಿಗೆ ಕೊನೆಗೆ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಪರಿಚಯ ದೊರೆಯಿತು. ಹದಿನೈದು ನಿಮಿಷ ಮಾತ್ರವೆಂದು ಒಪ್ಪಿದ ವೈದ್ಯರು ಗಂಟೆಗಟ್ಟಲೆ ಕುಳಿತರು. ಗಮನಿಸಬೇಕಾದ ಮಾತೆಂದರೆ, ಆ ಭೇಟಿಯ ತರುವಾಯವೂ ವೈದ್ಯರು ಒಮ್ಮೆ ಜಾರಿದರು, ಮತ್ತೆ ಎದ್ದರು. ಅವರು ಕಡೆಯ ಬಾರಿ ಕುಡಿದ 1935ರ ಜೂನ್ 10ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಬಳಗದ ಹುಟ್ಟುದಿನವೆಂದು ಎಣಿಸುತ್ತಾರೆ. ಎ.ಎ. ಎಂದು ಕರೆಯಲ್ಪಡುವ ಈ ಬಳಗ ಇಂದು ನಮ್ಮ ನಾಡಿನ ನಗರಗಳಲ್ಲಿಯೂ ಇದೆ.

ಅಲ್ಲಿ ಸೇರಲು ಬೇಕಾದ ಅರ್ಹತೆ ಒಂದೇ: ಕುಡಿತ ಬಿಡಬೇಕೆಂಬ ಇಚ್ಛೆ. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಕುಲಗೋತ್ರದ ವಿಚಾರಣೆಯಿಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ. ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲ. ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪವಿದೆ. ಆದರೆ ಆ ದೇವರು ಅವರವರು ಅರಿತಂತೆ. ಇಷ್ಟಲಿಂಗನಿಷ್ಠರು ತಮ್ಮ ನಿಷ್ಠೆಯನ್ನು ಬಿಡಬೇಕಾದ ಪ್ರಮೇಯವೇ ಇಲ್ಲ. ಜೀವನಪರ್ಯಂತದ ಆಣೆಯನ್ನೂ ಅಲ್ಲಿ ಕೇಳುವುದಿಲ್ಲ. ಇಂದಿನ ಒಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ.

ಒಂದು ದಿನ ಆ ಗೃಹಸ್ಥರ ಧರ್ಮಪತ್ನಿ ನಮ್ಮಲ್ಲಿಗೆ ಬಂದು ಕಣ್ಣೀರಿಟ್ಟರು. ನಾವು ಅವರ ಮನೆಗೆ ಹೋದೆವು. "ಗುರುಗಳ, ಬಿಡಬೇಕಂತ ಮನಸೈತ್ರಿ. ಬೆಳಗಾದ್ರ ಕೈ ನಡಗತಾವು" ಎಂದರವರು. ಈ ಬಾರಿ ಉಪದೇಶಿಸದೆ ಮೊದಲು ಆಸ್ಪತ್ರೆಗೆ ಕರೆದೊಯ್ದೆವು. ಚಿಕಿತ್ಸೆಯಾದ ಬಳಿಕ ಅಲ್ಲಿನ ವೈದ್ಯರೇ ಎ.ಎ. ಸಭೆಯ ವಿಳಾಸವಿತ್ತರು. ಮೊದಲ ವಾರ ಅವರು ಬಾಗಿಲವರೆಗೆ ಹೋಗಿ, ಪರಿಚಿತರು ಕಂಡಾರೆಂದು ಅಂಜಿ ಹಿಂತಿರುಗಿದರು. ಎರಡನೆಯ ವಾರ ನಾವೂ ಜೊತೆಗೂಡಿದೆವು. ಸಭೆಗಳಲ್ಲಿ ಎರಡು ಬಗೆ: ಕುಡಿತ ಬಿಡಬಯಸುವವರಿಗೆ ಮಾತ್ರ ಮೀಸಲಾದದ್ದು, ಇತರರಿಗೂ ತೆರೆದದ್ದು. ಅಂದಿನದು ತೆರೆದ ಸಭೆ. ಒಂದು ಕೋಣೆ, ಕೆಲವು ಕುರ್ಚಿ, ಚಹಾ. ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಿದರು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯಲಾಗದು. ಅದು ಸಭೆಯ ನೇಮ. ಹಿಂತಿರುಗುವಾಗ ನಮ್ಮವರು ಆಡಿದ ಮಾತನ್ನು ಮಾತ್ರ ಅವರ ಒಪ್ಪಿಗೆಯಿಂದ ಬರೆಯುತ್ತಿದ್ದೇವೆ: "ಗುರುಗಳ, ನೀವು ನನಗ ಬುದ್ಧಿ ಹೇಳಿದ್ರಿ. ಅವರು ನನ್ನ ಕತೀನ ಹೇಳಿದ್ರು."

ಬಂಧುಗಳು ಕೆಲವು ಸಂಗತಿಗಳನ್ನು ಮನಗಾಣಬೇಕು. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರು, ಬಳಿಕ ಸಭೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆಮಾಡಿ ಸಮೀಪದ ಚಿಕಿತ್ಸಾ ಕೇಂದ್ರವನ್ನು ವಿಚಾರಿಸಬಹುದು. ಸಭೆ ನಡೆಯುವ ಸ್ಥಳ, ವಾರ, ಭಾಷೆಗಳನ್ನು ಮೊದಲೇ ಕೇಳಿಕೊಳ್ಳಬೇಕು. ಊರಿನವರ ಕಣ್ಣಿಗೆ ಅಂಜುವವರು ಪಕ್ಕದ ಊರಿನ ಸಭೆಗೆ ಹೋಗಬಹುದು. ದೂರದವರಿಗೆ ಮೊಬೈಲಿನ ಮೂಲಕ ಸೇರುವ ಸಭೆಗಳೂ ಉಂಟು. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಬೇಕು. ನೊಂದ ಮನೆಯವರಿಗಾಗಿ 1951ರಲ್ಲಿ ಆರಂಭವಾದ 'ಅಲ್-ಅನಾನ್' ಬಳಗವಿದೆ; ಗಂಡ ಬಿಡಲಿ ಬಿಡದಿರಲಿ, ತಾಯಂದಿರು ತಮ್ಮ ಮನಶ್ಶಾಂತಿಗಾಗಿ ಅಲ್ಲಿ ಸೇರಬಹುದು.

ನಮ್ಮ ಗೃಹಸ್ಥರು ಆಮೇಲೆಯೂ ಒಮ್ಮೆ ಜಾರಿದರು. ಆದರೆ ಈ ಸಲ ಅಡಗಿ ಕೂಡಲಿಲ್ಲ. ಮರುವಾರವೇ ಸಭೆಗೆ ಹೋಗಿ ಎಲ್ಲರೆದುರು ಹೇಳಿಕೊಂಡರು. ಈಗ ಸೋಮವಾರಗಳಂದು ಮಠಕ್ಕೂ ಬರುತ್ತಾರೆ. ನಾವು ಆಣೆಯ ಮಾತೆತ್ತುವುದಿಲ್ಲ. "ಈ ವಾರ ಸಭೆ ಎಷ್ಟು ಗಂಟೆಗೆ?" ಎಂದಷ್ಟೇ ಕೇಳುತ್ತೇವೆ. ನಿಮ್ಮ ಮನೆಯಲ್ಲಿಯೂ ಇಂಥವರೊಬ್ಬರಿದ್ದರೆ ಬೈಗುಳವನ್ನು ಬದಿಗಿರಿಸಿ, ಆ ಬಾಗಿಲವರೆಗೆ ಜೊತೆಗೆ ನಡೆಯಿರಿ.