ತಾವರಗೇರಾ ಸೀಮೆಯ ತಾತ್ಕಾಲಿಕ ಆಡಳಿತ

1917ರಲ್ಲಿ ಝಾರ್ ಚಕ್ರವರ್ತಿ ಪದಚ್ಯುತನಾದ ಮೇಲೆ ರಷ್ಯಾದಲ್ಲಿ ರಚನೆಯಾದ ತಾತ್ಕಾಲಿಕ ಸರ್ಕಾರವು ಯುದ್ಧವನ್ನು ಮುಂದುವರಿಸಿ, ಭೂಮಿಯ ಪ್ರಶ್ನೆಯನ್ನು ಇನ್ನೂ ಚುನಾಯಿತವಾಗದಿದ್ದ ಸಂವಿಧಾನ ಸಭೆಗೆ ಬಿಟ್ಟು, ಎಂಟು ತಿಂಗಳಲ್ಲಿ ಕುಸಿಯಿತು. ತಾವರಗೇರಾ, ಕುಷ್ಟಗಿಗಳನ್ನೊಳಗೊಂಡ ಅಂದಿನ ಹೈದರಾಬಾದ್ ಸಂಸ್ಥಾನವೂ ಇಂಥದೇ ಸಂಧಿಕಾಲವನ್ನು ಕಂಡಿತು.

1948ರ ಸೆಪ್ಟೆಂಬರ್ 17ರಂದು ಭಾರತೀಯ ಸೇನೆಯ ಕಾರ್ಯಾಚರಣೆಗೆ ನಿಜಾಮನ ಸೈನ್ಯ ಶರಣಾದ ಬಳಿಕ ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. 1950ರಲ್ಲಿ ಅಧಿಕಾರಿಯಾಗಿದ್ದ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿಯಾಗಿ ನೇಮಕಗೊಂಡರು. ಇಬ್ಬರನ್ನೂ ಜನ ಆರಿಸಿರಲಿಲ್ಲ. ಆದರೂ ರಷ್ಯಾದವರು ಮುಂದೂಡಿದ್ದನ್ನು ಇವರು ಮಾಡಿದರೆಂಬುದನ್ನು ಒಪ್ಪಲೇಬೇಕು: 1949ರಲ್ಲಿ ಜಹಗೀರುಗಳು, ಅಂದರೆ ಕಂದಾಯವೆತ್ತುವ ಹಕ್ಕನ್ನು ಶ್ರೀಮಂತ ಮನೆತನಗಳಿಗೆ ಬಿಟ್ಟುಕೊಟ್ಟ ಸೀಮೆಗಳು, ರದ್ದಾದವು, ಕೊಪ್ಪಳ, ಯಲಬುರ್ಗಾಗಳ ಮೇಲಿದ್ದ ಸಾಲಾರ್ ಜಂಗ್ ಮನೆತನದ ಹಿಡಿತ ಅದರೊಂದಿಗೆ ಕೊನೆಗೊಂಡಿತು.

ದೌರ್ಬಲ್ಯ ಇದ್ದದ್ದು ಉತ್ತರದಾಯಿತ್ವದಲ್ಲಿ. ನೆರೆಯ ಪ್ರಾಂತ್ಯಗಳಿಂದ ಬಂದ ಅಧಿಕಾರಿಗಳಿಗೆ ಉರ್ದುವಿನಲ್ಲಿದ್ದ ದಫ್ತರುಗಳೂ ಇಲ್ಲಿನ ರೂಢಿಗಳೂ ಅಪರಿಚಿತವಾಗಿದ್ದವು, ಅವರನ್ನು ಪ್ರಶ್ನಿಸಲು ಶಾಸನಸಭೆಯೇ ಇರಲಿಲ್ಲ. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಕುರಿತು ಪಂಡಿತ ಸುಂದರಲಾಲ್ ಸಮಿತಿ ಕೊಟ್ಟ ವರದಿಯನ್ನು ಕೇಂದ್ರ ಸರ್ಕಾರ ಪ್ರಕಟಿಸದೆ ದಶಕಗಳ ಕಾಲ ಮುಚ್ಚಿಟ್ಟಿದ್ದು ಅಕ್ಷಮ್ಯ. ನೊಂದವರ ಪರವಾಗಿ ಕೇಳಬಲ್ಲ ಚುನಾಯಿತ ದನಿ ಅಂದು ಸಂಸ್ಥಾನದಲ್ಲಿರಲಿಲ್ಲ.

ರಷ್ಯಾದಲ್ಲಿ ಮತದಾನಕ್ಕೆ ಮೊದಲೇ ಸರ್ಕಾರ ಉರುಳಿದರೆ, ಇಲ್ಲಿ ಭಾರತದ ಸಂವಿಧಾನವೂ ಮೊದಲ ಮಹಾಚುನಾವಣೆಯೂ ಬಂದು ಅಧಿಕಾರ ಶಾಂತವಾಗಿ ಹಸ್ತಾಂತರವಾಯಿತು. 1952ರ ಮಾರ್ಚ್‌ನಲ್ಲಿ ಬೂರ್ಗುಲ ರಾಮಕೃಷ್ಣರಾವ್ ಚುನಾಯಿತ ಮುಖ್ಯಮಂತ್ರಿಯಾದರು. ಕುಷ್ಟಗಿ ಲೋಕಸಭಾ ಕ್ಷೇತ್ರದ ಮತದಾರರು ನಿಜಾಮ್ ವಿರೋಧಿ ಹೋರಾಟದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ಪಕ್ಷೇತರರಾಗಿ ಗೆಲ್ಲಿಸಿ ಸಂಸತ್ತಿಗೆ ಕಳುಹಿಸಿದರು.