ರಾಕ್ ಗಿಟಾರಿನ ಮೊದಲ ಪೀಠ ಯಾರಿಗೆ? ಬಾಜಿ ಕಟ್ಟಿ!

ಒಂದು ಹೆಸರು ಹೇಳಿ. ಒಂದೇ ಒಂದು! ರಾಕ್ ಸಂಗೀತ ಕಂಡ ಅತಿ ದೊಡ್ಡ ಗಿಟಾರ್ ಕಲಾವಿದ ಯಾರು?

ಜಿಮಿ ಹೆಂಡ್ರಿಕ್ಸ್ ಅಂದಿರಾ? ಎರಿಕ್ ಕ್ಲಾಪ್ಟನ್? ಜಿಮ್ಮಿ ಪೇಜ್? ಎಡ್ಡಿ ವ್ಯಾನ್ ಹೇಲನ್? ಹೇಳಿದ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಓದಿ ಮುಗಿಸುವಷ್ಟರಲ್ಲಿ ಅದು ಕೈಜಾರಿದರೆ ನನ್ನನ್ನು ಬೈಯಬೇಡಿ!

ಮೊದಲು ಈ ಅಂಕಿಗಳ ಆಟ ನೋಡಿ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಆಗಾಗ ಶ್ರೇಷ್ಠ ಗಿಟಾರ್ ವಾದಕರ ಪಟ್ಟಿ ಹೊರಡಿಸುತ್ತದೆ. 2003ರ ಪಟ್ಟಿಯಲ್ಲಿ ವ್ಯಾನ್ ಹೇಲನ್ ಎಷ್ಟನೆಯವರು? 70! 2011ರಲ್ಲಿ? 8! 2023ರಲ್ಲಿ? 4! ಇನ್ನು ಕ್ಲಾಪ್ಟನ್ ಕಥೆ ಕೇಳಿ. 2011ರಲ್ಲಿ 2ನೆಯ ಸ್ಥಾನ. 2023ರಲ್ಲಿ 35!

ಅದೇ ಕೈ, ಅದೇ ಹಾಡು, ಅದೇ ಸೋಲೋ. ಬದಲಾದದ್ದು ಕೇಳುವವರ ಕಿವಿ!

ಹಾಗಾದರೆ ಅಳೆಯುವುದು ಹೇಗೆ? ವೇಗದಿಂದಲೇ? ಮಾರಾಟವಾದ ಆಲ್ಬಂಗಳಿಂದಲೇ? ಬೇಡ, ಬೇಡ! ನನ್ನ ಪ್ರಶ್ನೆ ಇಷ್ಟೇ: ಈ ಮನುಷ್ಯ ಗಿಟಾರ್ ಮುಟ್ಟುವ ಮೊದಲು ಇಲ್ಲದ ಯಾವ ನಾದ, ಮುಟ್ಟಿದ ಮೇಲೆ ಜಗತ್ತಿಗೆ ಬಂತು?

ಈ ಪ್ರಶ್ನೆ ಹಿಡಿದು ಹೊರಡಿ. ತಲೆ ತಿರುಗುತ್ತದೆ!

ಬೆರಳ ತುದಿಗೆ ಬಾಟಲಿಯ ಟೋಪಿ

ಹೆವಿ ಮೆಟಲ್! ಎದೆಗೇ ಬಂದು ಗುದ್ದುವ ಆ ಭಾರದ ಸದ್ದು ಎಲ್ಲಿಂದ ಶುರುವಾಯಿತು? ಸಂಗೀತ ಶಾಲೆಯಲ್ಲಿ? ಸ್ಟುಡಿಯೋದಲ್ಲಿ? ಅಲ್ಲ ಸ್ವಾಮಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆಯಲ್ಲಿ!

ಟೋನಿ ಅಯೋಮಿ. 17ರ ಹುಡುಗ. ಬ್ಯಾಂಡ್ ಜತೆ ಪ್ರವಾಸ ಹೊರಡಬೇಕು. ಕಾರ್ಖಾನೆಯಲ್ಲಿ ಅಂದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ವಾಪಸು ಹೋಗುವ ಮನಸ್ಸೇ ಇಲ್ಲ. ಅಮ್ಮ ಬಿಡಲಿಲ್ಲ. ಹಿಡಿದ ಕೆಲಸ ಮುಗಿಸಿಯೇ ಬಾ ಎಂದು ಕಳಿಸಿದರು.

ಪ್ರೆಸ್ ಮಷೀನ್ ನಡೆಸುವವರು ಅಂದು ರಜೆ. ಅಭ್ಯಾಸವೇ ಇಲ್ಲದ ಟೋನಿಯನ್ನು ಅದರ ಮುಂದೆ ನಿಲ್ಲಿಸಿದರು. ಯಂತ್ರ ಕೈಮೇಲೆ ಇಳಿಯಿತು. ಬಲಗೈಯ ಎರಡು ಬೆರಳುಗಳ ತುದಿ ಹೋಯಿತು!

ಬಲಗೈ ತಾನೇ, ತಂತಿ ಒತ್ತುವುದು ಎಡಗೈಯಲ್ಲವೇ ಅಂದಿರಾ? ಟೋನಿ ಎಡಚ! ಅವನು ತಂತಿ ಒತ್ತುತ್ತಿದ್ದದ್ದೇ ಆ ಬಲಗೈಯಲ್ಲಿ!

ಎಲ್ಲ ಮುಗಿಯಿತು ಎಂದು ಕೂತವನಿಗೆ ಕಾರ್ಖಾನೆಯ ಮೇಲ್ವಿಚಾರಕರು ಒಂದು ಗ್ರಾಮಫೋನ್ ತಟ್ಟೆ ತಂದು ಕೇಳಿಸಿದರು. ಯಾರದ್ದು ಗೊತ್ತೇ? ಜ್ಯಾಂಗೋ ರೈನ್‌ಹಾರ್ಟ್ ಅವರದ್ದು. 1928ರಲ್ಲಿ ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳು ನಿಷ್ಕ್ರಿಯವಾದ ಮೇಲೂ ಯುರೋಪನ್ನೇ ಬೆರಗಾಗಿಸಿದ ಜಾಝ್ ವಾದಕ!

ಟೋನಿ ಎದ್ದ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿದ. ಬೆರಳಿಗೆ ಟೋಪಿ ಮಾಡಿದ. ಅದರ ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು. ಬ್ಯಾಂಜೋ ವಾದ್ಯದ ತೆಳು ತಂತಿ ಬಿಗಿದ!

1970ರ ಫೆಬ್ರವರಿ 13, ಶುಕ್ರವಾರ. ಟೋನಿಯ ಬ್ಲ್ಯಾಕ್ ಸ್ಯಾಬತ್ ಬ್ಯಾಂಡಿನ ಮೊದಲ ಆಲ್ಬಂ ಹೊರಬಂತು. ನುಡಿಸಿ ಮುದ್ರಿಸಲು ಹಿಡಿದ ಕಾಲ? ಒಂದೇ ದಿನ! 1971ರಲ್ಲಿ ಮೂರನೆಯ ಆಲ್ಬಂ. ತಂತಿ ಇನ್ನೂ ಸಡಿಲ ಬೇಕಿತ್ತು. ಶ್ರುತಿಯನ್ನೇ ಇಳಿಸಿಬಿಟ್ಟರು, ಮೂರು ಸ್ವರಸ್ಥಾನ ಕೆಳಕ್ಕೆ! ನೋವು ತಪ್ಪಿಸಿಕೊಳ್ಳಲು ಹುಡುಕಿದ ಆ ಮಂದ್ರದ ಗುಡುಗು ಆಮೇಲೆ ಸಾವಿರಾರು ಬ್ಯಾಂಡುಗಳ ಮನೆದೇವರಾಯಿತು!

ಅಮ್ಮನ ಗುಂಡಿಡಬ್ಬಿ, ಅಪ್ಪನ ಗರಗಸ

ಈಗ ಇದನ್ನು ಊಹಿಸಿ. ಒಂದು ಗಿಟಾರ್. ಕುತ್ತಿಗೆಗೆ ಹಳೆಯ ಮನೆಯ ಅಗ್ಗಿಷ್ಟಿಕೆಯಿಂದ ಕಿತ್ತ ಮರ. ಒಳಗೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಕಂಪನದ ಹಿಡಿಯ ತುದಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ಸ್ವರದ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಗುಂಡಿಗಳು. ಇದನ್ನು ನುಡಿಸಿದವರು ಯಾರು?

ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ! ಒಳ್ಳೆಯ ಗಿಟಾರ್ ಕೊಳ್ಳಲು ಮನೆಯಲ್ಲಿ ಹಣವಿರಲಿಲ್ಲ. 1963ರಲ್ಲಿ ಅಪ್ಪ, ಮಗ ಸೇರಿ ಕೈಯಾರೆ ಕಟ್ಟಲು ಕೂತರು. ಖರ್ಚು? ಸುಮಾರು 8 ಪೌಂಡ್! ಮೀಟಲು ಪ್ಲಾಸ್ಟಿಕ್ ಚೂರೂ ಬೇಡ, ಆರು ಪೆನ್ಸಿನ ನಾಣ್ಯ!

ಅದೇ ಗಿಟಾರ್ ಹಿಡಿದು 1985ರ ‘ಲೈವ್ ಏಡ್’ ಸಂಗೀತ ಕಾರ್ಯಕ್ರಮದಲ್ಲಿ ನುಡಿಸಿದರು. ಅದೇ ಗಿಟಾರ್ ಹಿಡಿದು 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದರು!

ಮುಗಿಯಲಿಲ್ಲ! ಕ್ವೀನ್‌ಗಾಗಿ ಅರ್ಧಕ್ಕೆ ಬಿಟ್ಟಿದ್ದ ಪಿಎಚ್.ಡಿ.ಯನ್ನು ಮೂರು ದಶಕ ದಾಟಿದ ಮೇಲೆ, 2007ರಲ್ಲಿ ಮುಗಿಸಿದರು. ವಿಷಯ? ಸೌರಮಂಡಲದ ಧೂಳು!

ಒಂದು ನಿಮಿಷ, 42 ಸೆಕೆಂಡು

ಎಡ್ಡಿ ವ್ಯಾನ್ ಹೇಲನ್ ಗಿಟಾರ್ ಲೋಕವನ್ನು ಬುಡಮೇಲು ಮಾಡಲು ಎಷ್ಟು ಹೊತ್ತು ಬೇಕಾಯಿತು? ಮೇಲಿನ ಸಾಲು ನೋಡಿ. ಅಷ್ಟೇ!

1978ರ ಗಿಟಾರ್ ಸೋಲೋ ‘ಇರಪ್ಷನ್’. ಆಲ್ಬಂಗೆ ಸೇರಿಸುವ ಯೋಚನೆಯೇ ಇರಲಿಲ್ಲ. ಕಾರ್ಯಕ್ರಮವೊಂದಕ್ಕೆ ಕೈ ಪಳಗಿಸಿಕೊಳ್ಳುತ್ತಿದ್ದದ್ದನ್ನು ಸ್ಟುಡಿಯೋದವರು ಮುದ್ರಿಸಿಕೊಂಡರು! ಎರಡೂ ಕೈಯ ಬೆರಳುಗಳಿಂದ ತಂತಿಯನ್ನು ಬಡಿದು ಸ್ವರ ಚಿಮ್ಮಿಸುವ ಆ ವರಸೆಯನ್ನು ಅವರಿಗಿಂತ ಮೊದಲೂ ಕೆಲವರು ಮಾಡಿದ್ದರು. ಆದರೆ ಹೀಗಲ್ಲ! ಇಷ್ಟು ಜೋರಾಗಿ, ಇಷ್ಟು ಹರಿತವಾಗಿ ಅಲ್ಲವೇ ಅಲ್ಲ!

ಗಿಟಾರ್? ಕಾರ್ಖಾನೆ ತಳ್ಳಿಹಾಕಿದ ಬಿಡಿಭಾಗಗಳನ್ನು ಜೋಡಿಸಿದ್ದು. ಮರದ ಒಡಲಿಗೆ 50 ಡಾಲರ್, ಕುತ್ತಿಗೆಗೆ 80. 2019ರಲ್ಲಿ ಆ ಗಿಟಾರ್ ಎಲ್ಲಿತ್ತು ಗೊತ್ತೇ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಪ್ರದರ್ಶನದಲ್ಲಿ!

ಇನ್ನೊಂದು! ಮೈಕೆಲ್ ಜಾಕ್ಸನ್ ಅವರ ‘ಬೀಟ್ ಇಟ್’ನಲ್ಲಿ ಬೆಂಕಿ ಕಾರುವ ಸೋಲೋ ಇದೆಯಲ್ಲ, ಅದು ಇವರದೇ. ತೆಗೆದುಕೊಂಡ ಸಂಭಾವನೆ? ಸೊನ್ನೆ!

ನಾಲ್ಕು ವರ್ಷಕ್ಕೆ ಆರು ದಿನ ಕಡಿಮೆ

ಈಗ ಹೆಂಡ್ರಿಕ್ಸ್. 2003, 2011, 2023, ಮೂರೂ ಪಟ್ಟಿಗಳಲ್ಲಿ ಮೊದಲ ಸ್ಥಾನ ಬಿಟ್ಟುಕೊಡದವರು!

ಇವರೂ ಎಡಚರೇ. ಬಲಗೈಯವರ ಗಿಟಾರನ್ನೇ ತಲೆಕೆಳಗು ಹಿಡಿದರು! ತಂತಿಗಳನ್ನು ತಿರುಗಿಸಿ ಕಟ್ಟಿಕೊಂಡರು. ಆಂಪ್ಲಿಫೈಯರಿನ ಕಿರುಚಾಟವನ್ನು ಎಲ್ಲರೂ ಅಡಗಿಸಲು ನೋಡುತ್ತಿದ್ದರೆ ಇವರು ಅದನ್ನೇ ಪಳಗಿಸಿ ಹಾಡಿಸಿದರು!

1969ರ ಆಗಸ್ಟ್ 18, ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವ. ಭಾನುವಾರ ರಾತ್ರಿ ನುಡಿಸಬೇಕಿದ್ದವರಿಗೆ ವೇದಿಕೆ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ. ಲಕ್ಷಗಟ್ಟಲೆ ಜನರಲ್ಲಿ ಬಹುಪಾಲು ಮನೆಗೆ ಹೋಗಿಯಾಗಿತ್ತು. ಆಗ ನುಡಿಸಿದರು ನೋಡಿ, ಅಮೆರಿಕದ ರಾಷ್ಟ್ರಗೀತೆ! ವಿಯೆಟ್ನಾಂ ಯುದ್ಧದ ಕಾಲ. ಬಾಂಬಿನ ಸಿಡಿತ, ವಿಮಾನದ ಮೊರೆತ, ಜನರ ಚೀತ್ಕಾರ, ಎಲ್ಲವೂ ಆರು ತಂತಿಗಳಿಂದ! ಪ್ಯಾರಾಚ್ಯೂಟ್ ಕಟ್ಟಿಕೊಂಡು ವಿಮಾನದಿಂದ ಹಾರುತ್ತಿದ್ದ ಮಾಜಿ ಸೈನಿಕನ ಕೈಯಿಂದ!

ಲಂಡನ್‌ಗೆ ಬಂದಿಳಿದದ್ದು 1966ರ ಸೆಪ್ಟೆಂಬರ್ 24. ಅದೇ ಲಂಡನ್‌ನಲ್ಲಿ ತೀರಿಕೊಂಡದ್ದು 1970ರ ಸೆಪ್ಟೆಂಬರ್ 18. ಕೀರ್ತಿಯೆಲ್ಲ ಈ ಎರಡು ತಾರೀಖುಗಳ ನಡುವೆ! ತೀರಿಕೊಂಡಾಗ ವಯಸ್ಸು 27.

ಆ ಸುದ್ದಿ ಕೇಳಿ ನ್ಯೂಯಾರ್ಕ್ ಬಳಿಯ 14ರ ಹುಡುಗನೊಬ್ಬ ಫುಟ್‌ಬಾಲ್ ಕೋಚ್ ಬಳಿ ಹೋಗಿ ಆಟ ಬಿಟ್ಟೆ, ಇನ್ನು ಗಿಟಾರೇ ಎಂದ. ಅವನೇ ಜೋ ಸಟ್ರಿಯಾನಿ! ಮುಂದೆ ಅವರ ಬಳಿ ಪಾಠಕ್ಕೆ ಬಂದವರು ಸ್ಟೀವ್ ವಾಯ್, ಕರ್ಕ್ ಹ್ಯಾಮೆಟ್. ಹ್ಯಾಮೆಟ್ ಸೇರಿದ್ದು ಮೆಟಾಲಿಕಾ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದ್ದು ಎಲ್ಲಿ? ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ! ಅಂದು ಅಲ್ಲಿ ಕುಣಿದವರೇ, ಹೆಂಡ್ರಿಕ್ಸ್ ಪರಂಪರೆಯ ಮೂರನೆಯ ತಲೆಮಾರನ್ನು ನೀವು ಕಣ್ಣಾರೆ ಕಂಡಿದ್ದೀರಿ!

ಹಾಗಾದರೆ ಮೊದಲ ಪೀಠ ಹೆಂಡ್ರಿಕ್ಸ್‌ಗೇ? ತಡೆಯಿರಿ! ದೊಡ್ಡ ಅಚ್ಚರಿ ಇನ್ನೂ ಬಂದೇ ಇಲ್ಲ!

ಚರ್ಚಿನಿಂದ ಬಂದ ಬಿರುಗಾಳಿ

1964ರ ಮೇ ತಿಂಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರ್. ರೈಲುಗಳು ನಿಲ್ಲದ ಒಂದು ಹಳೆಯ ನಿಲ್ದಾಣ. ಟಿವಿ ಕಾರ್ಯಕ್ರಮದ ಚಿತ್ರೀಕರಣ. ಒಂದು ಪ್ಲಾಟ್‌ಫಾರ್ಮಿನಲ್ಲಿ ಪ್ರೇಕ್ಷಕರು, ಎದುರಿನದ್ದೇ ವೇದಿಕೆ. ಮಳೆ! ಕುದುರೆ ಗಾಡಿಯಿಂದ ಇಳಿದು, ದಪ್ಪನೆಯ ಕೋಟು ತೊಟ್ಟು, 49ರ ಹೆಂಗಸೊಬ್ಬರು ಬರುತ್ತಾರೆ. ಬಿಳಿ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸುತ್ತಾರೆ. ಮಳೆಯ ಹಾಡನ್ನೇ ಎತ್ತಿಕೊಳ್ಳುತ್ತಾರೆ. ನಡುವೆ ಒಂದು ಸೋಲೋ ಸಿಡಿಯುತ್ತದೆ!

ಯಾರಿವರು? ಸಿಸ್ಟರ್ ರೊಸೆಟಾ ಥಾರ್ಪ್! ಹುಟ್ಟಿದ್ದು 1915, ಅಮೆರಿಕದ ಆರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಊರು. ಎಳವೆಯಲ್ಲೇ ತಾಯಿಯ ಜತೆ ಊರೂರು ಸುತ್ತಿ ದೇವರ ಹಾಡಿಗೆ ಗಿಟಾರ್ ನುಡಿಸಿದವರು. ಮೊದಲ ಧ್ವನಿಮುದ್ರಣ ಯಾವಾಗ? 1938! ಹೆಂಡ್ರಿಕ್ಸ್ ಹುಟ್ಟಲು ಇನ್ನೂ ನಾಲ್ಕು ವರ್ಷ ಇತ್ತು!

1947ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಒಬ್ಬ ಹುಡುಗನ ದನಿ ಕೇಳಿ, ವೇದಿಕೆಗೆ ಕರೆದು ಹಾಡಿಸಿ, ಕೈಗೆ ದುಡ್ಡೂ ಇಟ್ಟರು. ಆ ಹುಡುಗ? ಮುಂದೆ ರಾಕ್ ಅಂಡ್ ರೋಲ್ ತಾರೆಯಾದ ಲಿಟಲ್ ರಿಚರ್ಡ್!

1951ರಲ್ಲಿ ಇವರ ಮದುವೆ. ಎಲ್ಲಿ? ವಾಷಿಂಗ್ಟನ್‌ನ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ. ಟಿಕೆಟ್ ಕೊಂಡು ಬಂದವರು? 20,000ಕ್ಕೂ ಹೆಚ್ಚು! ಮದುಮಗಳು ಧಾರೆಯ ಉಡುಪಿನಲ್ಲೇ ಗಿಟಾರ್ ನುಡಿಸಿದರು!

ಮುಂದಿನದು ಕೇಳಿದರೆ ಹೊಟ್ಟೆ ಉರಿಯುತ್ತದೆ. 1973ರಲ್ಲಿ ತೀರಿಕೊಂಡರು. 30 ವರ್ಷಕ್ಕೂ ಹೆಚ್ಚು ಕಾಲ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ ಅವರನ್ನು ಸೇರಿಸಿಕೊಂಡದ್ದು 1986ರಲ್ಲಿ. ಈಕೆಯನ್ನು? 2018ರಲ್ಲಿ! ‘ರೋಲಿಂಗ್ ಸ್ಟೋನ್’ ಪತ್ರಿಕೆಯ 2003ರ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. 2023ರಲ್ಲಿ? ನೇರ 6ನೆಯ ಸ್ಥಾನ!

ನನ್ನ ಪ್ರಶ್ನೆಗೆ ಮತ್ತೆ ಬನ್ನಿ. ಹೆಂಡ್ರಿಕ್ಸ್ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಆಕಾಶ ತೋರಿಸಿದರು, ನಿಜ. ಟೋನಿ ಹೊಸ ಪಾತಾಳ ತೋರಿಸಿದರು, ನಿಜ. ಆದರೆ ಗಿಟಾರನ್ನು ಹಾಡಿನ ಹಿಂದಿನ ಸಾಲಿನಿಂದ ಎಳೆದು ತಂದು, ವೇದಿಕೆಯ ನಟ್ಟನಡುವೆ ನಿಲ್ಲಿಸಿ, ದನಿಗೆ ಸರಿಸಮನಾಗಿ ಗರ್ಜಿಸಲು ಬಿಟ್ಟ ಮೊದಮೊದಲಿಗರಲ್ಲಿ ಈಕೆ ಇದ್ದರು. ರಾಕ್ ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ ಇದ್ದರು! ನನ್ನ ಓಟು ಸಿಸ್ಟರ್ ರೊಸೆಟಾ ಥಾರ್ಪ್ ಅವರಿಗೆ. ಹಿಂದೆ ಮುಂದೆ ನೋಡದೆ!

ಒಪ್ಪುವುದಿಲ್ಲವೇ? ಬಹಳ ಸಂತೋಷ! ಆದರೆ ಒಂದು ಷರತ್ತು. ಮ್ಯಾಂಚೆಸ್ಟರ್‌ನ ಆ ಮಳೆಯ ಚಿತ್ರೀಕರಣ ಇಂದಿಗೂ ನೋಡಲು ಸಿಗುತ್ತದೆ. ಒಮ್ಮೆ ನೋಡಿ. ಆಮೇಲೆ ನಿಮ್ಮ ಹೆಸರು ಹಿಡಿದು ಬನ್ನಿ, ವಾದ ಮಾಡೋಣ!